ಗುಡ್ಡದ ಮೇಲಿನ ಮಾತು, ಗುಡ್ಡದ ಕೆಳಗಿನ ಕಲ್ಲು

ಮಹಾನವಮಿಯ ಸಂಜೆ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರುತ್ತಾರೆ. ಮೈಮೇಲೆ ಕಂಬಳಿ, ಹಣೆ ತುಂಬ ಭಂಡಾರ. ಅಲ್ಲಿಯವರೆಗೆ ‘ಏಳು ಕೋಟಿ’ಯ ಕೂಗಿನಿಂದ ತುಂಬಿದ್ದ ಬಯಲು, ಮೇಲಿನಿಂದ ‘ಸದ್ದಲೇ’ ಎಂಬ ದನಿ ಕೇಳಿದ್ದೇ ತಡ ಉಸಿರು ಬಿಗಿಹಿಡಿಯುತ್ತದೆ. ಗೊರವಯ್ಯ ನುಡಿಯುವುದು ಒಂದೇ ಒಂದು ವಾಕ್ಯ, ಅದೇ ಕಾರಣಿಕ. ನುಡಿದವರೇ ಕೆಳಕ್ಕೆ ಧುಮುಕುತ್ತಾರೆ, ಕಾದು ನಿಂತ ಭಕ್ತರು ಹಿಡಿದುಕೊಳ್ಳುತ್ತಾರೆ. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದೇ ಮಾತು. ಮಳೆ ಹೇಗೆ, ಬೆಳೆ ಹೇಗೆ, ರಾಜಕೀಯ ಹೇಗೆ ಎಂದು ರಾಣೆಬೆನ್ನೂರಿನ ಚಹಾದಂಗಡಿಯಿಂದ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯವರೆಗೆ ಅರ್ಥ ಬಿಡಿಸುವ ಕೆಲಸ ನಡೆಯುತ್ತದೆ.

ಬರುವ ವರ್ಷದ ಬಗ್ಗೆ ಒಂದು ವಾಕ್ಯ ಕೇಳಲು ಇಷ್ಟು ಜನ ಕಿವಿ ನಿಮಿರಿಸಿಕೊಂಡು ನಿಲ್ಲುವ ಸೀಮೆ ಇದು. ಕಳೆದುಹೋದ ಸಾವಿರ ವರ್ಷದ ಬಗ್ಗೆ ನೂರಾರು ವಾಕ್ಯಗಳನ್ನು ಇದೇ ಸೀಮೆಯ ಕಲ್ಲುಗಳು ಹೊತ್ತು ನಿಂತಿವೆ. ಅವುಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಜನರಿಗೆ ಇತಿಹಾಸದ ಅಭಿಮಾನ ಇಲ್ಲ ಎಂದು ಇದಕ್ಕೆ ಸುಲಭವಾಗಿ ಕಾರಣ ಕೊಡುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಗುಡ್ಡದ ಮಾತು ಕೇಳುವವರ ಭಾಷೆಯಲ್ಲಿದೆ, ಕಲ್ಲಿನ ಮಾತನ್ನು ಅವರ ಭಾಷೆಗೆ ತಂದುಕೊಟ್ಟವರಿಲ್ಲ. ತಪ್ಪಿರುವುದು ಅಲ್ಲಿ.

‘ಗೊರವ’ ಎಂಬ ಪದವನ್ನೇ ನೋಡಿ. ಜಾತ್ರೆಯಲ್ಲಿ ದೋಣಿ ಎಂಬ ಪಾತ್ರೆ ಹಿಡಿದು, ಡಮರುಗ ಬಾರಿಸುತ್ತ ಬರುವ ಗೊರವಪ್ಪನನ್ನು ಕಾಣದವರು ಈ ಭಾಗದಲ್ಲಿಲ್ಲ. ಅದೇ ಪದ ಸಾವಿರ ವರ್ಷಕ್ಕೂ ಹಿಂದಿನ ಕನ್ನಡ ಶಾಸನಗಳಲ್ಲಿದೆ. ಅಲ್ಲಿ ಗೊರವ ಎಂದರೆ ಶೈವ ತಪಸ್ವಿ, ದೇವಸ್ಥಾನ ನೋಡಿಕೊಳ್ಳುವ ಗುರು. ದಾನ ಬಿಟ್ಟ ಭೂಮಿಯನ್ನು ಆತನ ಕಾಲು ತೊಳೆದು ಕೊಡುತ್ತಿದ್ದರು. ಬಾಯಿಂದ ಬಾಯಿಗೆ ಬಂದ ಹೆಸರೂ ಕಲ್ಲಿನಲ್ಲಿ ಉಳಿದ ಹೆಸರೂ ಒಂದೇ. ಬಿಲ್ಲೇರುವ ಗೊರವಯ್ಯನನ್ನು ನೋಡಲು ಬರುವ ಹುಡುಗನೊಬ್ಬನಿಗೆ ಇಷ್ಟು ಹೇಳಿದರೆ ಸಾಕು, ತನ್ನ ಊರಿನ ಬಯಲಿನಲ್ಲಿ ಬಿದ್ದಿರುವ ಕಲ್ಲನ್ನು ಅವನು ಮತ್ತೆ ಬೇರೆ ಕಣ್ಣಿನಿಂದ ನೋಡುತ್ತಾನೆ.

ಅಂಥ ಕಲ್ಲು ಎಲ್ಲಿರುತ್ತದೆ? ಹನುಮಪ್ಪನ ಗುಡಿಯ ಹಿಂದೆ, ಕೆರೆ ಏರಿಯ ಬದಿಗೆ, ಅರಳಿಕಟ್ಟೆಗೆ ಒರಗಿಕೊಂಡು. ಮೂರು ಪಟ್ಟಿಕೆಯ ವೀರಗಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ಹಲವು ಕಲ್ಲುಗಳಲ್ಲಿ ಹೋರಾಟದ ಪಕ್ಕದಲ್ಲೇ ದನಗಳ ಸಾಲೂ ಇರುತ್ತದೆ. ತುರು ಕದ್ದವರ ಬೆನ್ನತ್ತಿ ಸತ್ತವನ ಕಲ್ಲು ಅದು. ನಡುವೆ ಅಪ್ಸರೆಯರು ಆತನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಆತ ಕೈಮುಗಿದು ಕುಳಿತಿದ್ದಾನೆ, ಮೂಲೆಗಳಲ್ಲಿ ಸೂರ್ಯ ಚಂದ್ರರು. ಪಟ್ಟಿಕೆಗಳ ನಡುವಿನ ಬೋಳು ಜಾಗದಲ್ಲಿ ಎರಡು ಮೂರು ಸಾಲು ಅಕ್ಷರ. ನೆತ್ತಿಯ ಬಿಸಿಲಿನಲ್ಲಿ ಅವು ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಪಕ್ಕದಿಂದ ಟಾರ್ಚ್ ಹಿಡಿದರೆ ಒಂದೊಂದಾಗಿ ಎದ್ದು ಬರುತ್ತವೆ. ಹನ್ನೆರಡನೇ ಶತಮಾನದ ಅಕ್ಷರಗಳು ಇಂದಿನ ಕನ್ನಡಕ್ಕೆ ಎಷ್ಟು ಹತ್ತಿರ ಎಂದರೆ, ಸ್ವಲ್ಪ ಹೇಳಿಕೊಟ್ಟರೆ ಹೈಸ್ಕೂಲಿನ ಮಕ್ಕಳೂ ಹೆಸರುಗಳನ್ನು ಗುರುತಿಸಬಲ್ಲರು.

ಜನ ಈ ಕಲ್ಲುಗಳಿಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ ಎಂದು ವಿದ್ವಾಂಸರು ಬೇಸರ ಪಡುವುದುಂಟು. ಎಣ್ಣೆ ಜಿಡ್ಡಿನಿಂದ ಅಕ್ಷರ ಮುಚ್ಚುವುದು ನಿಜ. ಆದರೆ ಪೂಜೆಗೊಂಡ ಕಲ್ಲು ಉಳಿದಿದೆ. ಪೂಜೆ ಇಲ್ಲದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ, ಮೋರಿಯ ಚಪ್ಪಡಿಯಾಗಿದೆ, ನಿಧಿ ಆಸೆಗೆ ಬಿದ್ದವರ ಹಾರೆಗೆ ಸಿಕ್ಕಿ ಎರಡು ಹೋಳಾಗಿದೆ. ದೊಡ್ಡ ಅಪಾಯ ಈಗ ಜೀರ್ಣೋದ್ಧಾರದ್ದು. ಭಕ್ತಿಯಿಂದಲೇ ದುಡ್ಡು ಕೂಡಿಸಿ ಹಳೆ ಗುಡಿ ಕೆಡವಿ, ಗ್ರಾನೈಟ್ ಹಾಕಿ, ಉಳಿದುದಕ್ಕೆ ಆಯಿಲ್ ಪೇಂಟ್ ಬಳಿಯುವಾಗ ಶಾಸನದ ಕಲ್ಲು ತಳಪಾಯ ಸೇರುತ್ತದೆ. ಅದರಲ್ಲಿ ತಮ್ಮೂರಿನ ಹೆಸರಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅದೇ ಜನ ಅದಕ್ಕೊಂದು ಕಟ್ಟೆ ಕಟ್ಟುತ್ತಿದ್ದರು.

ಹೇಳಬೇಕಾದ ವಿಷಯ ನಮ್ಮಲ್ಲಿ ಇಲ್ಲವೆಂದಲ್ಲ. ಮೈಸೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಸಂಪುಟಗಳಲ್ಲಿ ತಂದರು. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಭಾಗದ ಶಾಸನಗಳ ಮೇಲೆ ವಾಲ್ಟರ್ ಎಲಿಯಟ್, ಜೆ.ಎಫ್. ಫ್ಲೀಟ್ ಕೆಲಸ ಮಾಡಿದರು. ಮುಂದೆ ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಆ ಕೆಲಸಕ್ಕೆ ಹೆಗಲು ಕೊಟ್ಟಿತು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ತೆಗೆದ ಪಡಿಯಚ್ಚುಗಳು ಊರು ಬಿಟ್ಟು ಹೋದವು. ಓದಿದ್ದೂ ಆಯಿತು, ದಪ್ಪ ಸಂಪುಟಗಳಲ್ಲಿ ಅಚ್ಚಾದದ್ದೂ ಆಯಿತು. ಆ ಓದು ಮಾತ್ರ ಊರಿಗೆ ಮರಳಲಿಲ್ಲ. ಅದಕ್ಕಾಗಿಯೇ ಕಲ್ಲಿನ ಪಕ್ಕದಲ್ಲಿ ಒಂದು ಇತಿಹಾಸ ಫಲಕ ಬೇಕು. ಇತಿಹಾಸ ಫಲಕ ಎಂದರೆ ನನ್ನ ಮಟ್ಟಿಗೆ ಇಷ್ಟೇ: ಊರಿನಿಂದ ಒಯ್ದದ್ದನ್ನು ಊರಿಗೆ ಹಿಂದಿರುಗಿಸುವುದು.

ಈಗಿರುವ ಫಲಕಗಳು ಆ ಕೆಲಸ ಮಾಡುವುದಿಲ್ಲ. ಗಳಗನಾಥ, ಚೌಡದಾನಪುರ, ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಎಲ್ಲ ಕಡೆಯೂ ನೀಲಿ ಫಲಕವಿದೆ. ಅದರಲ್ಲಿ ಬರೆದಿರುವುದು ಸ್ಮಾರಕ ರಕ್ಷಣೆಯ 1958ರ ಕಾಯ್ದೆ, ಹಾಳುಗೆಡವಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಬೇಕು, ಅದಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ನಿಂತವನಿಗೆ ಮೊದಲು ತಿಳಿಯಬೇಕಾದದ್ದು ದಂಡದ ಮೊತ್ತವಲ್ಲ. ಹತ್ತಿರದ ಗುತ್ತಲದಿಂದ ಆಳಿದ ಗುತ್ತರು ತಮ್ಮನ್ನು ಉಜ್ಜಯಿನಿಯ ಗುಪ್ತರ ವಂಶದವರೆಂದು ಹೇಳಿಕೊಂಡರು, ಆ ಹೆಮ್ಮೆಯನ್ನು ಶಾಸನಗಳಲ್ಲಿ ಬರೆಸಿದರು ಎಂಬ ಸ್ವಾರಸ್ಯ ಮೊದಲು ಅವನ ಕಿವಿಗೆ ಬೀಳಬೇಕು.

ಚಿತ್ರಕ್ಕೆ ವಿವರ ಬರೆದು ನಿಲ್ಲಿಸುವ ವಿದ್ಯೆ ನಮಗೆ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯ ದೊಡ್ಡ ಶಾಸನವಿದೆ. ಜೈನರೊಂದಿಗೆ ಪಣ ತೊಟ್ಟು ತಲೆ ಅರಿದುಕೊಂಡು, ಮತ್ತೆ ಅದನ್ನು ಪಡೆದ ಎನ್ನುವ ಕಥೆ. ಅದೇ ಗುಡಿಯಲ್ಲಿ ಆ ಘಟನೆಯ ಶಿಲ್ಪಗಳಿವೆ, ಶಿಲ್ಪದ ಜತೆಗೆ ಯಾರು ಯಾರೆಂದು ಹೇಳುವ ಕನ್ನಡದ ಚಿಕ್ಕ ಬರಹಗಳೂ ಇವೆ. ಫ್ಲೀಟ್ ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೇ ಸಂಪುಟದಲ್ಲಿ ಪ್ರಕಟಿಸಿದ. ಎಂಟು ನೂರು ವರ್ಷಗಳ ಹಿಂದೆ ಅಬಲೂರಿನವರು ನಿಲ್ಲಿಸಿದ ಇತಿಹಾಸ ಫಲಕ ಇದು.

ಎಚ್ಚರಿಕೆಯ ಪಾಠವೂ ಅಲ್ಲೇ ಇದೆ. ಆ ಶಾಸನ ಗೆದ್ದವರ ಶಾಸನ. ಜಿನಬಿಂಬ ಒಡೆದದ್ದನ್ನು ಅದು ಗೆಲುವೆಂದು ಕೊಂಡಾಡುತ್ತದೆ. ಸೋತವರು ಬರೆಸಿದ್ದರೆ ಕಥೆ ಬೇರೆಯಾಗಿರುತ್ತಿತ್ತು. ಇಂದು ಅಲ್ಲಿ ಫಲಕ ಬರೆಯುವವರು ‘ಹೀಗಾಯಿತು’ ಎನ್ನಬಾರದು, ‘ಈ ಶಾಸನ ಹೀಗೆ ಹೇಳುತ್ತದೆ, ಇದನ್ನು ಬರೆಸಿದವರು ಶೈವರು’ ಎನ್ನಬೇಕು. ಈ ಒಂದು ಪ್ರಾಮಾಣಿಕತೆ ತಪ್ಪಿದರೆ ಊರೂರಿನ ಫಲಕವೂ ಊರೂರಿನ ಜಗಳವಾಗುತ್ತದೆ. ಫಲಕ ಬರೆಯುವ ಕೆಲಸವನ್ನು ಪಂಚಾಯಿತಿಯ ಒಂದು ಬಣಕ್ಕೋ ಒಂದು ಸಮುದಾಯದ ಸಂಘಕ್ಕೋ ಬಿಟ್ಟುಕೊಡಬಾರದು ಎನ್ನುವುದು ಈ ಕಾರಣಕ್ಕೆ. ಶಾಸನ ಓದಬಲ್ಲವರು ಒಬ್ಬರಾದರೂ ಕುಳಿತು ಪ್ರತಿ ಸಾಲನ್ನು ಒಪ್ಪಬೇಕು.

ವೀರಗಲ್ಲಿನ ಕಾಲ ಮುಗಿದಿಲ್ಲ ಎನ್ನುವುದಕ್ಕೂ ಈ ಜಿಲ್ಲೆಯೇ ಸಾಕ್ಷಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ಹೆಜ್ಜೆ ಹಾಕಿದ ಕನ್ನಡಿಗ. ಆಗ ಇನ್ನೂ ಹತ್ತೊಂಬತ್ತು ತುಂಬಿರದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣಕ್ಕೆ ಕೈಹಾಕಿದಾಗ ಗುಂಡೇಟಿಗೆ ಬಲಿಯಾದರು. ಜತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರ ತಂದೆಯ ಹೆಸರು ಮಾರ್ತಾಂಡಪ್ಪ, ಮನೆತನ ಮೈಲಾರ. ಎರಡೂ ದೇವರಗುಡ್ಡದ ದೇವರ ಹೆಸರುಗಳೇ. ಹೆದ್ದಾರಿಯಲ್ಲಿ ಮೋಟೆಬೆನ್ನೂರು ದಾಟುವ ಸಾವಿರಾರು ವಾಹನಗಳಲ್ಲಿ ಕುಳಿತವರಿಗೆ ಇದು ತಿಳಿಯುವಂತೆ ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಬೇಕು. 2008ರ ಜೂನ್ 10ರಂದು ಗೊಬ್ಬರ ಕೇಳಲು ಹಾವೇರಿಗೆ ಬಂದ ರೈತರ ಮೇಲೆ ಗುಂಡು ಹಾರಿತು. ಇಬ್ಬರು ಪ್ರಾಣ ಬಿಟ್ಟರು. ತುರು ಕಾಯಲು ಹೋಗಿ ಸತ್ತವನಿಗೆ ಅಂದಿನ ಊರು ಕಲ್ಲು ನೆಟ್ಟಿತ್ತು. ಗೊಬ್ಬರ ಕೇಳಲು ಹೋಗಿ ಸತ್ತವರನ್ನು ಅದೇ ಸಾಲಿನಲ್ಲಿ ನಿಲ್ಲಿಸಲು ನಾವು ಹಿಂಜರಿಯಬಾರದು.

ಲಂಡನ್ನಿನಲ್ಲಿ ಹೆಸರಾಂತರು ಬಾಳಿದ ಮನೆಗಳಿಗೆ ಫಲಕ ಹಾಕುವ ಪದ್ಧತಿ 1866ರಿಂದ ನಡೆದು ಬಂದಿದೆ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಎಂಟನೇ ಶತಮಾನದ ಕಿತ್ತಯನ ವೀರಗಲ್ಲಿಗೆ ಅಲ್ಲಿನ ಜನರೇ ಮುಂದೆ ಬಂದು ನೆಲೆ ಮಾಡಿಕೊಟ್ಟರು. ಆ ಊರಿಗೆ ಅಷ್ಟು ಹಳೆಯ ಹೆಸರಿದೆ ಎಂದು ತಿಳಿದದ್ದೇ ಕಲ್ಲು ಓದಿದ ಮೇಲೆ.

ಹಾವೇರಿ ಜಿಲ್ಲೆಯಲ್ಲೂ ಇದು ಆಗಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕೆರೆ, ಬೋರ್‌ವೆಲ್, ಬೀದಿದೀಪಗಳ ಲೆಕ್ಕವಿರುವಂತೆ ಊರ ಕಲ್ಲುಗಳದ್ದೂ ಒಂದು ವಹಿ ಇರಲಿ: ಎಲ್ಲಿದೆ, ಎಷ್ಟು ಎತ್ತರ, ಅಕ್ಷರವಿದೆಯೇ, ಯಾವ ಸಂಪುಟದಲ್ಲಿ ಅಚ್ಚಾಗಿದೆ. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಆ ವಹಿ ನೋಡಲಿ. ಫಲಕದಲ್ಲಿ ಮೇಲೆ ಶಾಸನದ ಮೂಲ ಸಾಲು ಇಂದಿನ ಅಕ್ಷರದಲ್ಲಿ, ಕೆಳಗೆ ಅದರ ಅರ್ಥ ಆರೇಳು ಸಾಲಿನ ತಿಳಿಗನ್ನಡದಲ್ಲಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡುವ ಚೌಕುಳಿ ಗುರುತು (ಕ್ಯೂಆರ್ ಕೋಡ್) ಮಾತ್ರ ಅಂಟಿಸಿ ಕೈತೊಳೆದುಕೊಳ್ಳಬಾರದು. ಕಂಬಳಿ ಹೊದ್ದು ಕುರಿ ಕಾಯುವ ಅಜ್ಜನಿಗೂ ನಿಂತಲ್ಲೇ ಮೊಮ್ಮಗಳು ಓದಿ ಹೇಳುವಂತಿರಬೇಕು.

ಮೊದಲ ಫಲಕ ದೇವರಗುಡ್ಡದಲ್ಲೇ ಏಳಲಿ. ಮಹಾನವಮಿಗೆ ಬರುವವರು ಮೆಟ್ಟಿಲು ಹತ್ತುವ ಮುನ್ನ ಕಾಣುವ ಜಾಗದಲ್ಲಿ ಗೊರವ ಎಂಬ ಪದದ ಕಥೆ, ಪಕ್ಕದಲ್ಲಿ ವರ್ಷವರ್ಷದ ಕಾರಣಿಕದ ಸಾಲುಗಳು, ಇಸವಿಯ ಸಮೇತ. ನುಡಿದ ಮಾತು ಅದೇ ಸಂಜೆ ಎಲ್ಲರ ಬಾಯಲ್ಲಿರುತ್ತದೆ. ಅದನ್ನು ಮರುದಿನ ಬೆಳಿಗ್ಗೆಯೇ ಬರೆದು ಸೇರಿಸಬಹುದು.