ಇಟ್ಟಿಗೆಯಾಟದ ಹಂಬಲ

ನಲವತ್ತರ ಗಡಿ ದಾಟಿದ ನಾಲ್ವರು ಕಾಫಿಗೆ ಸೇರಿದರೆ ಈಚೆಗೆ ಒಂದು ಪ್ರಲಾಪ ತಪ್ಪುವುದಿಲ್ಲ. "ನಮ್ಮ ಕಾಲದ ಬ್ರಿಕ್ ಗೇಮ್ ಇತ್ತಲ್ಲ, ಅದು ಆಟ! ಈಗಿನ ಮಕ್ಕಳು ಮೊಬೈಲಿನಲ್ಲಿ ಆಡುವುದೂ ಒಂದು ಆಟವೇ?" ಎಂದು ಒಬ್ಬರು ನಿಟ್ಟುಸಿರಿಟ್ಟರೆ ಉಳಿದ ಮೂವರು ತಲೆದೂಗುತ್ತಾರೆ. ಬಹುಕಾಲ ನಾನೂ ತಲೆದೂಗಿದವನೇ. ಈಗ ಬಿಟ್ಟಿದ್ದೇನೆ. ಏಕೆಂದು ಹೇಳುವುದು ನ್ಯಾಯ.

ಮೊದಲು ಆಟದ ಪೂರ್ವೋತ್ತರ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೊವ್ ಎಂಬಾತ ಅದನ್ನು ರಚಿಸಿದ, ಹೆಸರು ಟೆಟ್ರಿಸ್. ನಾಲ್ಕು ಚೌಕಗಳನ್ನು ಕೂಡಿಸಿದರೆ ಆಗುವ ಏಳು ಆಕಾರಗಳು ಒಂದೊಂದಾಗಿ ಮೇಲಿನಿಂದ ಇಳಿಯುತ್ತವೆ. ಹತ್ತು ಮನೆ ಅಗಲದ ಬಾವಿಯಲ್ಲಿ ಅವನ್ನು ತಿರುಗಿಸಿ ಜೋಡಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ. ತುಂಬದಿದ್ದರೆ ರಾಶಿ ಬೆಳೆದು ಬಾವಿಯ ಬಾಯಿ ಮುಟ್ಟಿ ಆಟ ಮುಗಿಯುತ್ತದೆ. ನಮ್ಮ ಊರುಗಳಿಗೆ ಬಂದದ್ದು ಅಸಲಿಯಲ್ಲ, ನಕಲು: ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಎರಡು ಪೆನ್ಸಿಲ್ ಸೆಲ್ಲು, ಬೂದು ಬಣ್ಣದ ಪರದೆ, ಮೇಲೆ "9999 ಆಟಗಳು" ಎಂಬ ಬಡಾಯಿ. ಎಣಿಸಿದರೆ ಆಟಗಳು ಬೆರಳೆಣಿಕೆಯಷ್ಟು. ಉಳಿದುದೆಲ್ಲ ಅವುಗಳದೇ ವೇಗದ ಏರಿಳಿತ.

ಹಂಬಲಿಗರು ಮುಂದಿಡುವ ವಾದಗಳು ಮೂರು.

ಒಂದು, ಆ ಆಟ ಮುಗ್ಧವಾದದ್ದು. ಹಾಗೇನು? ಪಜಿತ್ನೊವ್ ತನ್ನ ಹಕ್ಕನ್ನು ಹತ್ತು ವರ್ಷದ ಮಟ್ಟಿಗೆ ಸೋವಿಯತ್ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದ. ಅದರ ಗೌರವಧನ ಅವನ ಕೈಸೇರತೊಡಗಿದ್ದು 1996ರಲ್ಲಿ. ಅಷ್ಟರಲ್ಲಿ ಲೋಕವೆಲ್ಲ ಅದನ್ನು ಆಡಿ ಮುಗಿಸಿತ್ತು. ನಾವಾದರೋ ನಕಲನ್ನು ಕೊಂಡು ಕುಣಿದವರು. ಮುಗ್ಧತೆಯ ಮಾತು ನಮಗೆ ಒಪ್ಪುವುದಿಲ್ಲ.

ಎರಡು, ಈಗಿನ ಹುಡುಗರಿಗೆ ತಾಳ್ಮೆಯಿಲ್ಲ. 1989ರ ನಿಂಟೆಂಡೊ ಯಂತ್ರದ ಟೆಟ್ರಿಸನ್ನು, ಯಂತ್ರವೇ ಸ್ತಬ್ಧವಾಗಿ ನಿಲ್ಲುವ ತನಕ ಆಡಿದ ಮೊದಲ ಮನುಷ್ಯ ಯಾರು ಬಲ್ಲಿರಾ? ಅಮೆರಿಕದ ಓಕ್ಲಹೋಮಾದ 13 ವರ್ಷದ ಬಾಲಕ. 2023ರ ಡಿಸೆಂಬರಿನಲ್ಲಿ, ಸುಮಾರು 38 ನಿಮಿಷ ಕಣ್ಣು ಕದಲಿಸದೆ. ಆ ಆಟ ಬಂದಾಗ ಅವನು ಹುಟ್ಟಿರಲೇ ಇಲ್ಲ. ತಾಳ್ಮೆಯ ಪೇಟೆಂಟು ನಮ್ಮ ತಲೆಮಾರಿನದಲ್ಲ.

ಮೂರು, ವೇದಾಂತ. ತುಂಬಿದ ಸಾಲು ಅಳಿಯುತ್ತದೆ, ಮಾಡಿದ ತಪ್ಪು ಉಳಿಯುತ್ತದೆ, ಜೀವನವೂ ಹೀಗೆಯೇ ಎಂದು ಕೆಲವರು ಕಣ್ಣು ಮುಚ್ಚಿ ಹೇಳುತ್ತಾರೆ. ಆದರೆ ಗಣಿತಜ್ಞರು 1997ರಲ್ಲೇ ಇನ್ನೊಂದನ್ನು ತೋರಿಸಿದರು: ಎಡಕ್ಕೊಂದು ಬಲಕ್ಕೊಂದು ಸೊಟ್ಟಗಿರುವ ಎರಡು ಆಕಾರಗಳೇ ಸರದಿಯಂತೆ ಬರುತ್ತಿದ್ದರೆ ಎಂಥ ಜಾಣನೂ ಕೊನೆಗೆ ಸೋಲಲೇಬೇಕು. ಅಂದಮೇಲೆ, ಆಡಿದವರ ಜಾಣತನದ ಜೊತೆಗೆ ಅವರ ಪಾಲಿಗೆ ಏನು ಬಿತ್ತು ಎಂಬುದೂ ಲೆಕ್ಕಕ್ಕೆ ಬರಬೇಕಲ್ಲವೆ? ವೇದಾಂತಿಗಳು ಈ ಲೆಕ್ಕಕ್ಕೆ ಕೈಹಾಕುವುದಿಲ್ಲ.

ನಾನು ನನ್ನ ಮನೆಯ ಲೆಕ್ಕವನ್ನೇ ಒಪ್ಪಿಸುತ್ತೇನೆ. ನಮ್ಮೂರು ಉಬ್ರಾಣಿ. ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವ ಹಿಂದಿನ ವರ್ಷ ಸೋದರಮಾವ ಪೇಟೆಯಿಂದ ಆ ಡಬ್ಬಿ ತಂದುಕೊಟ್ಟರು. ಅಡಿಕೆ ಕೊಯ್ಲಿನ ಕಾಲ. ಹಗಲು ಇಳಿಸಿದ ಗೊನೆಯ ಹಸಿ ಕಾಯನ್ನು ಬಹಳ ದಿನ ಇಡುವಂತಿಲ್ಲ. ಸುಲಿದು, ಹಂಡೆಯಲ್ಲಿ ಬೇಯಿಸಿ, ಒಣಗಲು ಹರವಬೇಕು. ರಾತ್ರಿ ಹಜಾರದಲ್ಲಿ ಒಂದೇ ಬಲ್ಬು. ಅದರ ಕೆಳಗೆ ಅವ್ವ, ಅಕ್ಕ, ನೆರೆಮನೆಯ ಹೆಂಗಸರು ಕತ್ತಿ ಹಿಡಿದು ಸುಲಿಯಲು ಕೂರುವರು. ಡಬ್ಬಿಯ ಪರದೆಗೆ ಸ್ವಂತ ಬೆಳಕಿರಲಿಲ್ಲ. ಆದ್ದರಿಂದ ನಾನೂ ಅದೇ ಬಲ್ಬಿನ ಕೆಳಗೆ, ಅಕ್ಕನ ಪಕ್ಕದಲ್ಲೇ ಕೂತು ಆಡುತ್ತಿದ್ದೆ. ನನಗೆ ಹನ್ನೆರಡು, ಅವಳಿಗೆ ಹದಿನೈದು. ಸೆಲ್ಲು ಮುಗಿದರೆ ಅವಳ ಸುಲಿತದ ದುಡ್ಡಿನಿಂದಲೇ ಹೊಸದು ಬರುತ್ತಿತ್ತು. ನನ್ನ ಬಾಲ್ಯದ ಸ್ವರ್ಗ ಇದು. ಇಪ್ಪತ್ತೈದು ವರ್ಷ ಇದನ್ನು ಹೇಳಿಕೊಂಡು ತಿರುಗಿದ್ದೇನೆ. ಸುಲಿಯುವವರು ಮಾತ್ರ ನನ್ನ ಕಥೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಮೊಬೈಲಿನಲ್ಲಿ ಆಡುತ್ತಿದ್ದಳು. "ನಮ್ಮ ಕಾಲದಲ್ಲಿ ನಾವು ಆಡುತ್ತಿದ್ದೆವಲ್ಲ, ಆ ಆಟ..." ಎಂದು ಉಪದೇಶಕ್ಕೆ ತೊಡಗಿದೆ. ಅಕ್ಕ ತಲೆಯೆತ್ತದೆ ಹೇಳಿದಳು: "ನಾವು ಅನ್ನಬೇಡಪ್ಪ. ನೀನು ಆಡ್ತಿದ್ದೆ. ನನ್ನ ಕೈ ಕರೀ ಆಗಿರ್ತಿತ್ತು, ಡಬ್ಬಿ ಮುಟ್ಟಿದ್ರೆ ಕಲೆ ಆಗುತ್ತೆ ಅಂತ ನೀನೇ ಕೊಡ್ತಿರಲಿಲ್ಲ. ಅವಳಾದ್ರೂ ಆಡಲಿ ಬಿಡು."

ಅಡಿಕೆಯ ಚೊಗರು ಅಂಟಿದ ಬೆರಳು ತಿಂಗಳುಗಟ್ಟಲೆ ಕಪ್ಪಾಗಿರುತ್ತದೆ. ನನಗೆ ಅದು ನೆನಪಿತ್ತು. ನಾನು ಆಡಿದ ಮಾತು ಮರೆತಿತ್ತು. ಹಂಬಲವೆಂಬುದು ಇಂಥ ಮರೆವಿನ ಸೌಕರ್ಯ.

ಎದುರು ಪಕ್ಷದ ಒಂದು ಮಾತನ್ನು ಒಪ್ಪುತ್ತೇನೆ. ಆ ಡಬ್ಬಿ ಜಾಹೀರಾತು ತೋರಿಸಲಿಲ್ಲ, ಇನ್ನಷ್ಟು ದುಡ್ಡು ಹಾಕೆಂದು ಪೀಡಿಸಲಿಲ್ಲ. ಸೋತರೆ ಆಟ ಮುಗಿಯಿತು, ಸೆಲ್ಲು ಸತ್ತರೆ ಮಲಗುವುದು. ಇಂದಿನ ಅನೇಕ ಆಟಗಳು ಮುಗಿಯಬಾರದೆಂದೇ, ಜೇಬಿಗೆ ಕೈಹಾಕಬೇಕೆಂದೇ ಹೆಣೆದವು. ಇದು ನಿಜವಾದ ದೂರು. ಆದರೆ ಇದು ಮಾರುವವರ ಮೇಲಿನ ದೂರು, ಮಕ್ಕಳ ಮೇಲಿನದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದು ಸರಿಯೋ ತಪ್ಪೋ ಎಂದು ವಾದಿಸೋಣ. ಉಳಿದ ಆಟಗಳಿಗೆ ಯಾವ ಕಟ್ಟುಪಾಡು ಬೇಕೆಂದು ಕೇಳೋಣ. ನಿಟ್ಟುಸಿರಿನಿಂದ ಯಾವ ಕಾಯಿದೆಯೂ ಆಗುವುದಿಲ್ಲ.

ಆದ್ದರಿಂದ ನನ್ನ ಓರಗೆಯ ಮಹನೀಯರಲ್ಲಿ ಒಂದೇ ಬಿನ್ನಹ. "ನಮ್ಮ ಕಾಲದ ಆಟ" ಎಂದು ಬಾಯಿ ತೆರೆಯುವ ಮುನ್ನ ಮನೆಯ ಅಕ್ಕನನ್ನೋ ತಂಗಿಯನ್ನೋ ಒಮ್ಮೆ ಕೇಳಿ ಬನ್ನಿ: ಅವರ ಸರದಿ ಎಷ್ಟು ಸಲ ಬಂದಿತ್ತು? ಉತ್ತರ ಕೇಳಿದ ಮೇಲೂ ಹಂಬಲ ಉಳಿದರೆ, ಕಾಫಿಗೆ ನಾನೂ ಬರುತ್ತೇನೆ.