ಬೆಕ್ಕು-ನಾಯಿಗಳ ಮಳೆ, ಎರಡನೇ ಸಲ ಬಡಿಯದ ಸಿಡಿಲು: ಇಂಗ್ಲಿಷ್ ನುಡಿಗಟ್ಟುಗಳಲ್ಲಿ ನಂಬಬೇಕಾದ್ದು ಯಾವುದು?

"ದಿನಕ್ಕೆ ಐದು ಇಂಗ್ಲಿಷ್ ನುಡಿಗಟ್ಟು ಕಲಿಯಿರಿ", "ಈ ಮಾತಿನ ಹಿಂದಿರುವ ಅಚ್ಚರಿಯ ಇತಿಹಾಸ ನಿಮಗೆ ಗೊತ್ತೇ?" ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಓದಲು ಚೆನ್ನಾಗಿರುತ್ತವೆ, ಮಕ್ಕಳಿಗೆ ಉಪಯೋಗವಾಗಲಿ ಎಂದು ನಾವು ಮುಂದಕ್ಕೂ ಕಳುಹಿಸುತ್ತೇವೆ.

ಆದರೆ ಇಂಥ ಸಂದೇಶಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿರುತ್ತವೆ. ಒಂದು, ನುಡಿಗಟ್ಟಿನ ಅರ್ಥ. ಎರಡು, ಅದು ಹುಟ್ಟಿದ ಕಥೆ. ಮೂರು, ಆ ಮಾತು ಹೇಳುವ 'ಸತ್ಯ'. ಅರ್ಥ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹುಟ್ಟಿನ ಕಥೆ ಬಹಳ ಸಲ ಕಟ್ಟುಕಥೆ. ಮೂರನೆಯದನ್ನು ಅಕ್ಷರಶಃ ನಂಬಿದರೆ ಕೆಲವೊಮ್ಮೆ ಜೀವಕ್ಕೇ ಕುತ್ತು. ಈ ಮೂರನ್ನೂ ಬಿಡಿಸಿ ನೋಡೋಣ.

ನುಡಿಗಟ್ಟು ಎಂದರೇನು?

ಪದಗಳ ಅರ್ಥವನ್ನು ಕೂಡಿಸಿದರೆ ಸಿಗದ ಅರ್ಥ ಇಡೀ ಮಾತಿಗೆ ಇದ್ದರೆ ಅದು ನುಡಿಗಟ್ಟು. "ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ" ಎಂದರೆ ಯಾರೂ ಏನನ್ನೂ ತಿನ್ನುವುದಿಲ್ಲ, ಕ್ಷಮಿಸುತ್ತಾರೆ. "ಅಡುಗೆಯಲ್ಲಿ ಅವಳದು ಎತ್ತಿದ ಕೈ" ಎಂದರೆ ಅವಳು ಕೈ ಮೇಲೆತ್ತಿ ನಿಂತಿಲ್ಲ.

ಇಂಗ್ಲಿಷ್‌ನದೂ ಇದೇ ದಾರಿ. 'ಪೀಸ್ ಆಫ್ ಕೇಕ್' ಎಂದರೆ ನೀರು ಕುಡಿದಷ್ಟು ಸುಲಭ. 'ಸ್ಪಿಲ್ ದಿ ಬೀನ್ಸ್' ಎಂದರೆ ಗುಟ್ಟು ರಟ್ಟು ಮಾಡುವುದು. 'ಅಂಡರ್ ದಿ ವೆದರ್' ಎಂದರೆ ಮೈ ಹುಷಾರಿಲ್ಲ. 'ಬ್ರೇಕ್ ಎ ಲೆಗ್' ಎಂದರೆ ಕಾಲು ಮುರಿದುಕೋ ಎಂಬ ಶಾಪವಲ್ಲ, ವೇದಿಕೆ ಹತ್ತುವವರಿಗೆ ಹೇಳುವ ಶುಭಾಶಯ. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಅನರ್ಥವಾಗುತ್ತದೆ. ಹಾಗಾಗಿ ಇವನ್ನು ಬಳಕೆಯಿಂದಲೇ ಕಲಿಯಬೇಕು.

ಬೆಕ್ಕು-ನಾಯಿಗಳು ಮಾಡಿನಿಂದ ಜಾರಿದವೇ?

'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಎಂದರೆ ಕುಂಭದ್ರೋಣ ಮಳೆ. ಇದಕ್ಕೆ ಜನಪ್ರಿಯವಾದ ಕಥೆಯೊಂದಿದೆ: ಹಿಂದೆ ಇಂಗ್ಲೆಂಡಿನ ಮನೆಗಳಿಗೆ ಹುಲ್ಲಿನ ಮಾಡು ಇತ್ತು, ಬೆಚ್ಚಗಿರಲೆಂದು ಬೆಕ್ಕು-ನಾಯಿಗಳು ಅದರೊಳಗೆ ಮಲಗುತ್ತಿದ್ದವು, ಜೋರು ಮಳೆಯಲ್ಲಿ ಜಾರಿ ಕೆಳಗೆ ಬೀಳುತ್ತಿದ್ದವು ಎಂದು.

ಈ ಕಥೆ ಜಗತ್ತಿನಾದ್ಯಂತ ಹರಡಿದ್ದು 1999ರಲ್ಲಿ ಇಮೇಲ್ ಮೂಲಕ ಓಡಾಡಿದ, '1500ರ ಕಾಲದ ಬದುಕು' ಎಂಬಂಥ ತಲೆಬರಹದ ಸಂದೇಶದಿಂದ. ಇಂದಿನ ವಾಟ್ಸಾಪ್ ಸಂದೇಶಗಳಿಗೆ ಅದನ್ನು ಅಜ್ಜ ಎನ್ನಬಹುದು. ಹುಲ್ಲಿನ ಮಾಡನ್ನು ಕಂಡವರಿಗೆ ಕಥೆಯ ದೋಷ ಕೂಡಲೇ ಹೊಳೆಯುತ್ತದೆ. ಹುಲ್ಲನ್ನು ಒತ್ತೊತ್ತಾಗಿ, ಇಳಿಜಾರಾಗಿ ಹೊದಿಸುವುದೇ ನೀರು ನಿಲ್ಲದೆ ಹರಿದುಹೋಗಲಿ ಎಂದು. ನಾಯಿ ಮಲಗಲು ಅಲ್ಲಿ ಜಾಗವೆಲ್ಲಿ? ಇದೇ ಬಗೆಯ ಮಾತುಗಳು ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಳ್ಳುವುದು 1650ರ ಆಸುಪಾಸಿನಲ್ಲಿ. ಇಂದಿನ ರೂಪ 1738ರಲ್ಲಿ ಪ್ರಕಟವಾದ ಜೊನಾಥನ್ ಸ್ವಿಫ್ಟ್ ಅವರ ಕೃತಿಯಲ್ಲಿದೆ. ಮಾಡಿನ ಕಥೆಗೆ ಆ ಕಾಲದ ಯಾವ ಆಧಾರವೂ ಇಲ್ಲ.

ಅಷ್ಟಕ್ಕೂ ಪ್ರತಿ ಮಾತಿನ ಹಿಂದೆ ಘಟನೆಯೊಂದು ನಡೆದಿರಲೇಬೇಕೆಂದಿಲ್ಲ. "ಆಕಾಶವೇ ಕಳಚಿ ಬಿದ್ದಂತೆ ಮಳೆ" ಎನ್ನುತ್ತೇವಲ್ಲ, ಆಕಾಶ ಕಳಚಿದ್ದು ಯಾವ ಇಸವಿಯಲ್ಲಿ ಎಂದು ಯಾರೂ ಕೇಳುವುದಿಲ್ಲ.

ಶವಪೆಟ್ಟಿಗೆಯ ಗಂಟೆ

ಅದೇ ಸಂದೇಶದಲ್ಲಿದ್ದ ಇನ್ನೊಂದು ಕಥೆ 'ಸೇವ್ಡ್ ಬೈ ದಿ ಬೆಲ್' ಕುರಿತದ್ದು. ಕೊನೇ ಗಳಿಗೆಯಲ್ಲಿ ಪಾರಾಗುವುದು ಎಂಬುದು ಅದರ ಅರ್ಥ. ಸತ್ತರೆಂದು ಭಾವಿಸಿ ಜೀವಂತ ಹೂಳಲ್ಪಟ್ಟವರು ಪೆಟ್ಟಿಗೆಯೊಳಗಿನಿಂದ ದಾರ ಎಳೆದರೆ ಮೇಲೆ ಗಂಟೆ ಬಾರಿಸುತ್ತಿತ್ತು, ಹಾಗೆ ಬದುಕುಳಿದವರೇ 'ಸೇವ್ಡ್ ಬೈ ದಿ ಬೆಲ್' ಎನ್ನುತ್ತದೆ ಕಥೆ. ಗಂಟೆಗೆ ಕಿವಿಗೊಟ್ಟು ರಾತ್ರಿಯಿಡೀ ಸ್ಮಶಾನ ಕಾಯುತ್ತಿದ್ದವರಿಂದ 'ಗ್ರೇವ್‌ಯಾರ್ಡ್ ಶಿಫ್ಟ್' ಬಂತಂತೆ. ಬೆಂಗಳೂರಿನ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಈ ಪದ ಚಿರಪರಿಚಿತ.

ಇಲ್ಲಿ ಸುಳ್ಳಿನ ಜೊತೆ ಸತ್ಯವೂ ಸೇರಿಕೊಂಡಿದೆ. ಜೀವಂತ ಹೂಳಿಬಿಟ್ಟಾರು ಎಂಬ ಭಯ 19ನೇ ಶತಮಾನದಲ್ಲಿ ನಿಜಕ್ಕೂ ಇತ್ತು. ಗಂಟೆ ಇರುವ ಶವಪೆಟ್ಟಿಗೆಗಳಿಗೆ ಪೇಟೆಂಟ್ ಕೂಡ ಪಡೆದಿದ್ದರು. ಆದರೆ ನುಡಿಗಟ್ಟು ಬಂದದ್ದು ಬಾಕ್ಸಿಂಗ್ ಅಂಕಣದಿಂದ. ಏಟು ತಿಂದು ಕುಸಿಯುತ್ತಿದ್ದ ಆಟಗಾರನನ್ನು ಸುತ್ತು ಮುಗಿದ ಗಂಟೆ ಉಳಿಸುತ್ತಿತ್ತು. 'ಗ್ರೇವ್‌ಯಾರ್ಡ್ ಶಿಫ್ಟ್' ನಡುರಾತ್ರಿಯ ಸ್ಮಶಾನ ಮೌನಕ್ಕೆ ಕೊಟ್ಟ ಹೋಲಿಕೆ, ಅಷ್ಟೇ. ಒಂದು ನಿಜದ ಪಕ್ಕದಲ್ಲಿ ಸುಳ್ಳನ್ನು ಕೂರಿಸಿದರೆ ಇಡೀ ಕಥೆ ನಿಜದಂತೆ ಕಾಣುತ್ತದೆ. ನಮ್ಮ ಕಿವಿಗೆ ಹೂವಿಡುವ ಹೆಚ್ಚಿನ ಸಂದೇಶಗಳು ಮಾಡುವುದೂ ಇದನ್ನೇ.

ನೀಲಿಯಲ್ಲದ ನೀಲಿ ಚಂದ್ರ

'ಒನ್ಸ್ ಇನ್ ಎ ಬ್ಲೂ ಮೂನ್' ಎಂದರೆ ಅಪರೂಪಕ್ಕೊಮ್ಮೆ. 2023ರ ಆಗಸ್ಟ್ ಕೊನೆಯಲ್ಲಿ 'ಬ್ಲೂ ಮೂನ್' ಬಂದಾಗ ಕಡುನೀಲಿ ಚಂದ್ರನ ಚಿತ್ರಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಅಂಥ ಬಣ್ಣ ಬಂದದ್ದು ಚಿತ್ರ ತಿದ್ದುವ ಆ್ಯಪ್‌ಗಳಿಂದ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದಕ್ಕೆ 'ಬ್ಲೂ ಮೂನ್' ಎನ್ನುತ್ತಾರೆ. ಬಣ್ಣಕ್ಕೂ ಹೆಸರಿಗೂ ಸಂಬಂಧವಿಲ್ಲ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹೀಗಾಗಿ 19 ವರ್ಷಗಳಲ್ಲಿ 228 ತಿಂಗಳಿದ್ದರೆ ಹುಣ್ಣಿಮೆಗಳು 235. ಹೆಚ್ಚುವರಿ ಏಳು ಹುಣ್ಣಿಮೆ ಎಲ್ಲಾದರೂ ಸೇರಲೇಬೇಕು. ಆದ್ದರಿಂದ ಎರಡೂವರೆ-ಮೂರು ವರ್ಷಕ್ಕೊಮ್ಮೆ 'ಬ್ಲೂ ಮೂನ್' ಬರುತ್ತದೆ. ನಮ್ಮ ಪಂಚಾಂಗದ ಅಧಿಕ ಮಾಸದ ಹಿಂದಿರುವುದೂ ಇದೇ ಲೆಕ್ಕ. 2023ರಲ್ಲಿ ಅಧಿಕ ಶ್ರಾವಣವೂ ಬಂದಿತ್ತು ಎಂಬುದನ್ನು ನೆನಪಿಸಿಕೊಳ್ಳಿ.

ಹಾಗೆಂದು ಚಂದ್ರ ನೀಲಿಯಾಗಿ ಕಾಣುವುದೇ ಇಲ್ಲವೆಂದಲ್ಲ. 1883ರಲ್ಲಿ ಇಂಡೋನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದ ನಂತರ ವಾತಾವರಣದಲ್ಲಿ ತುಂಬಿದ್ದ ಸೂಕ್ಷ್ಮ ಕಣಗಳಿಂದಾಗಿ ಹಲವೆಡೆ ಚಂದ್ರ ನೀಲಿ ಛಾಯೆಯಲ್ಲಿ ಕಂಡದ್ದು ದಾಖಲಾಗಿದೆ. ಅದಕ್ಕೆ ಹುಣ್ಣಿಮೆಯ ಲೆಕ್ಕ ಕಾರಣವಾಗಿರಲಿಲ್ಲ.

ಇಲ್ಲಿಯವರೆಗಿನ ತಪ್ಪುಗಳಿಂದ ಯಾರಿಗೂ ಹಾನಿಯಿಲ್ಲ. ಮುಂದಿನ ಮೂರು ಮಾತುಗಳು ಹಾಗಲ್ಲ.

ಸಿಡಿಲು ಎರಡನೇ ಸಲ ಬಡಿಯುವುದಿಲ್ಲವೇ?

'ಲೈಟ್ನಿಂಗ್ ನೆವರ್ ಸ್ಟ್ರೈಕ್ಸ್ ಟ್ವೈಸ್' ಎನ್ನುವುದು ಒಮ್ಮೆ ಬಂದ ಆಪತ್ತು ಅದೇ ವ್ಯಕ್ತಿಗೆ ಮತ್ತೆ ಬರದು ಎಂದು ಸಮಾಧಾನ ಹೇಳುವ ಮಾತು. ವಿಜ್ಞಾನದ ಪ್ರಕಾರ ಇದು ಪೂರ್ತಿ ತಪ್ಪು. ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷಕ್ಕೆ ಸರಾಸರಿ 20ಕ್ಕೂ ಹೆಚ್ಚು ಸಲ ಸಿಡಿಲು ಬಡಿಯುತ್ತದೆ. ಅಮೆರಿಕದ ಅರಣ್ಯ ರಕ್ಷಕ ರಾಯ್ ಸಲಿವನ್ ಅವರಿಗೆ 1942ರಿಂದ 1977ರ ನಡುವೆ ಏಳು ಸಲ ಸಿಡಿಲು ತಗುಲಿತ್ತು. ನಮ್ಮ ಕಣ್ಣಿಗೆ ಒಂದೇ ಎಂದು ಕಾಣುವ ಮಿಂಚಿನಲ್ಲೂ ಸಾಮಾನ್ಯವಾಗಿ ಮೂರು-ನಾಲ್ಕು ಹೊಡೆತಗಳು ಒಂದರ ಹಿಂದೊಂದು ಇಳಿಯುತ್ತವೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ ಸಿಡಿಲಿಗೆ 2,887 ಜನ ಬಲಿಯಾದರು. ಮುಂಗಾರು ಪೂರ್ವ ಮಳೆಯ ದಿನಗಳಲ್ಲಿ ಹೊಲದಲ್ಲಿದ್ದವರು, ದನ ಮೇಯಿಸುವವರು, ಮರದಡಿ ನಿಂತವರು ಸಾಯುವ ಸುದ್ದಿ ನಮ್ಮ ರಾಜ್ಯದಲ್ಲೂ ಬರುತ್ತಲೇ ಇರುತ್ತದೆ. ಒಮ್ಮೆ ಸಿಡಿಲು ಬಿದ್ದ ಮರ ಸುರಕ್ಷಿತ ಎಂದು ಅದರ ಕೆಳಗೆ ನಿಲ್ಲಬೇಡಿ. ಗುಡುಗು ಕೇಳಿಸಿದರೆ ಪಕ್ಕಾ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ನಿಮ್ಮ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ಜ್ವರ ಬಂದರೆ ಉಪವಾಸವೇ?

'ಫೀಡ್ ಎ ಕೋಲ್ಡ್, ಸ್ಟಾರ್ವ್ ಎ ಫೀವರ್', ಅಂದರೆ ನೆಗಡಿಗೆ ತಿನ್ನಿಸು, ಜ್ವರಕ್ಕೆ ಉಪವಾಸ ಹಾಕು. "ಲಂಘನಂ ಪರಮೌಷಧಂ" ಎಂದು ನಮ್ಮಲ್ಲೂ ಹೇಳುವುದರಿಂದ ಈ ಮಾತು ಬೇಗ ನಾಟುತ್ತದೆ. ಆದರೆ ಜ್ವರ ಬಂದಾಗ ದೇಹಕ್ಕೆ ಶಕ್ತಿಯ ಅಗತ್ಯ ಹೆಚ್ಚುತ್ತದೆ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ಬಳಕೆ ಸುಮಾರು ಶೇ 10ರಷ್ಟು ಏರುತ್ತದೆ. ಬೆವರು, ಉಸಿರಿನ ಮೂಲಕ ನೀರಿನಂಶವೂ ಹೋಗುತ್ತಿರುತ್ತದೆ.

ಹಸಿವಿಲ್ಲದಿದ್ದರೆ ಬಲವಂತವಾಗಿ ಊಟ ಮಾಡಿಸಬೇಕಿಲ್ಲ. ಆದರೆ ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಕೊಡುತ್ತಲೇ ಇರಬೇಕು. ಮಕ್ಕಳು ಮತ್ತು ವಯಸ್ಸಾದವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಡೆಂಗಿ ಹರಡುವ ದಿನಗಳಲ್ಲಂತೂ ಜ್ವರದವರಿಗೆ ನೀರು ಕಡಿಮೆಯಾಗುವುದು ಅಪಾಯ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಮೂತ್ರ ತೀರಾ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ದಿನಕ್ಕೊಂದು ಸೇಬು

'ಆ್ಯನ್ ಆ್ಯಪಲ್ ಎ ಡೇ ಕೀಪ್ಸ್ ದಿ ಡಾಕ್ಟರ್ ಅವೇ' ಎಂಬುದರ ಹಳೆಯ ರೂಪ 1866ರಲ್ಲಿ ವೇಲ್ಸ್‌ನ ಗಾದೆಯಾಗಿ ದಾಖಲಾಗಿದೆ. ಮಲಗುವ ಮುನ್ನ ಸೇಬು ತಿಂದರೆ ವೈದ್ಯರ ಸಂಪಾದನೆಗೇ ಕಲ್ಲು ಬೀಳುತ್ತದೆ ಎಂಬುದು ಅದರ ಸಾರ. 2015ರಲ್ಲಿ ಅಮೆರಿಕದ ಸಂಶೋಧಕರು 8,000ಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಪರಿಶೀಲಿಸಿದರು. ವಿದ್ಯಾಭ್ಯಾಸ, ಆರೋಗ್ಯ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿದಾಗ, ದಿನವೂ ಸೇಬು ತಿನ್ನುವವರು ವೈದ್ಯರ ಬಳಿ ಹೋಗುವುದೇನೂ ಕಡಿಮೆಯಾಗಿರಲಿಲ್ಲ. ವೈದ್ಯರು ಬರೆದುಕೊಡುವ ಔಷಧಿಗಳ ಬಳಕೆ ಮಾತ್ರ ತುಸು ಕಡಿಮೆ ಇತ್ತು.

ಹಣ್ಣು ತಿನ್ನುವುದು ಒಳ್ಳೆಯದೇ. ಅದು ದುಬಾರಿ ಸೇಬೇ ಆಗಬೇಕಿಲ್ಲ. ಪೇರಳೆ, ಬಾಳೆ, ಪಪ್ಪಾಯಿಯೂ ಆಗುತ್ತದೆ. ಆದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ತಪಾಸಣೆಗೆ ಯಾವ ಹಣ್ಣೂ ಬದಲಿಯಲ್ಲ.

ಮುಂದಕ್ಕೆ ಕಳುಹಿಸುವ ಮುನ್ನ

ಗಾದೆ, ನುಡಿಗಟ್ಟುಗಳು ಮಾತಿಗೆ ರುಚಿ ಕೊಡಲು ಹುಟ್ಟಿದವು. ಅವು ವೈದ್ಯರ ಚೀಟಿಯಲ್ಲ, ಹವಾಮಾನ ಇಲಾಖೆಯ ಸೂಚನೆಯೂ ಅಲ್ಲ. ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಅರ್ಥ ಸರಿಯಿದೆಯೇ? ಒಳ್ಳೆಯ ನಿಘಂಟಿನಲ್ಲಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹುಟ್ಟಿನ ಕಥೆಗೆ ಆಧಾರ ಕೊಟ್ಟಿದ್ದಾರೆಯೇ? ಆ ಮಾತು ಮೊದಲು ಯಾವ ಬರಹದಲ್ಲಿ, ಯಾವ ವರ್ಷ ಕಾಣಿಸಿಕೊಂಡಿತು ಎಂಬ ವಿವರವಿಲ್ಲದೆ ಬರೀ "ಹಿಂದಿನ ಕಾಲದಲ್ಲಿ" ಎಂದಿದ್ದರೆ ಅನುಮಾನಿಸಿ.

ಈ ಮಾತನ್ನು ನಂಬಿ ಯಾರಾದರೂ ಊಟ, ಔಷಧಿ ಬಿಟ್ಟಾರೇ, ಮರದಡಿ ನಿಂತಾರೇ? ಹೌದು ಎನಿಸಿದರೆ ಅರ್ಥವನ್ನಷ್ಟೇ ಮಕ್ಕಳಿಗೆ ಹೇಳಿಕೊಡಿ, ಸಲಹೆಯನ್ನು ಅಲ್ಲಿಗೇ ನಿಲ್ಲಿಸಿ.