ಮೇಲಿನ ತೋಳು ಏಕೆ ಅಲ್ಲಾಡಲಿಲ್ಲ?

ಪ್ರವಾಸದಿಂದ ಹಿಂದಿರುಗಿದ ಮಕ್ಕಳು ತೆಗೆದ ವಿಡಿಯೊಗಳನ್ನು ನೋಡುವುದು ಶಿಕ್ಷಕರ ಪಾಲಿಗೆ ಒಂದು ಸಣ್ಣ ಶಿಕ್ಷೆಯೇ ಸರಿ. ಮುಕ್ಕಾಲು ಪಾಲು ಅವರವರದೇ ಮುಖ, ಉಳಿದದ್ದು ಬಸ್ಸಿನೊಳಗಿನ ಕುಣಿತ. ಆದರೆ ಕಳೆದ ಶಾಲಾ ಪ್ರವಾಸದಲ್ಲಿ ನೀಲಗಿರಿ ರೈಲಿನ ಎರಡು ತುಣುಕುಗಳನ್ನು ನೋಡಿದೆ. ಎರಡೂ ಸೇರಿ ಮೂರು ನಿಮಿಷವಿಲ್ಲ. ಇಪ್ಪತ್ತೈದು ವರ್ಷಗಳಿಂದ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದ ಒಂದು ಚಿತ್ರ ತಪ್ಪೆಂದು ಅವು ತೋರಿಸಿಕೊಟ್ಟವು.

ಮೈಸೂರು ಕಡೆಯವರಿಗೆ ಊಟಿ ಹೊಸದಲ್ಲ. ಆದರೆ ಊಟಿಯಲ್ಲಿ ರೈಲು ಹತ್ತಿ ಕೂನೂರಿನಲ್ಲಿ ಇಳಿದವರು ಹಬೆ ರೈಲಿನಲ್ಲಿ ಕುಳಿತು ಬಂದೆವೆಂದುಕೊಳ್ಳುವುದು ತಪ್ಪು. ಆ ಭಾಗದಲ್ಲಿ ಎಳೆಯುವುದು ಡೀಸೆಲ್ ಇಂಜಿನ್. ಹಬೆಯ ಕೆಲಸ ನೋಡಬೇಕಾದರೆ ಬೆಟ್ಟದ ಬುಡದ ಮೆಟ್ಟುಪಾಳ್ಯಕ್ಕೇ ಹೋಗಬೇಕು, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ನಾವು ಹಿಂದಿನ ರಾತ್ರಿಯೇ ಹೋಗಿ ತಂಗಿದೆವು. ಟಿಕೆಟ್ ಸಿಕ್ಕಿದ್ದು ಹದಿನೆಂಟು ಮಕ್ಕಳಿಗೆ ಮಾತ್ರ. ಚೀಟಿ ಎತ್ತಿದೆವು. ಬಾರದವರು ಬಸ್ಸಿನಲ್ಲೇ ಕೂನೂರಿಗೆ. ಒಂಬತ್ತನೇ ತರಗತಿಯ ಒಬ್ಬಳಿಗೆ ಕಣ್ಣು ತುಂಬಿ ಬಂತು. 'ಪ್ಲಾಟ್‌ಫಾರಂನಲ್ಲಿ ನಿಂತು ರೈಲು ಹೊರಡುವುದನ್ನು ತೆಗಿ, ನಮಗೆಲ್ಲ ಬೇಕಾಗುತ್ತದೆ' ಎಂದು ಸಮಾಧಾನಕ್ಕೆ ನನ್ನ ಫೋನನ್ನೇ ಕೊಟ್ಟೆ.

ಈ ದಾರಿಯ ಲೆಕ್ಕ ಹೇಳಿಬಿಡುತ್ತೇನೆ. ಮೀಟರ್ ಗೇಜ್, ಉದ್ದ ಸುಮಾರು 46 ಕಿ.ಮೀ. ಕೂನೂರಿನವರೆಗೆ 1899ರಲ್ಲಿ, ಊಟಿಗೆ 1908ರಲ್ಲಿ ರೈಲು ತಲುಪಿತು. ಮೆಟ್ಟುಪಾಳ್ಯ ಸಮುದ್ರಮಟ್ಟದಿಂದ 326 ಮೀಟರ್, ಊಟಿ 2,203 ಮೀಟರ್. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 19 ಕಿ.ಮೀ.ನಲ್ಲಿ ಏರು ಎಷ್ಟು ಕಡಿದೆಂದರೆ ಹನ್ನೆರಡೂವರೆ ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ನುಣುಪಾದ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಇಷ್ಟು ಏರನ್ನು ಭಾರ ಹೊತ್ತು ಹತ್ತಲಾರದು; ಘರ್ಷಣೆ ಸಾಲದೆ ಗಾಲಿ ನಿಂತಲ್ಲೇ ತಿರುಗೀತು. ಅದಕ್ಕಾಗಿ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಎರಡು ಪಟ್ಟಿಗಳನ್ನು ಹಾಸಿದ್ದಾರೆ. ಇಂಜಿನ್ನಿನ ಹೊಟ್ಟೆಯಡಿಯ ಹಲ್ಲುಗಾಲಿ ಅವುಗಳಲ್ಲಿ ಕಚ್ಚಿಕೊಂಡು, ಏಣಿ ಹತ್ತುವಂತೆ ಹತ್ತುತ್ತದೆ. ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಎಂಬ ಇಂಜಿನಿಯರನ ವಿಧಾನವಿದು. ಇಂಜಿನ್ ಇರುವುದು ರೈಲಿನ ಹಿಂದೆ; ಅದು ಎಳೆಯುವುದಿಲ್ಲ, ತಳ್ಳುತ್ತದೆ. ನಡುವೆ ಕೊಂಡಿ ಕಳಚಿದರೂ ಬೋಗಿ ಕೆಳಕ್ಕೆ ಉರುಳಿ ಹೋಗಬಾರದಲ್ಲ!

ಇಷ್ಟನ್ನು ನಾನು ಸರಿಯಾಗಿಯೇ ಹೇಳಿಕೊಡುತ್ತಿದ್ದೆ. ತಪ್ಪಿದ್ದದ್ದು ಮುಂದೆ. ನನ್ನ ಚಿತ್ರದಲ್ಲಿ ಇಂಜಿನ್ನಿನ ಒಂದೊಂದು ಪಕ್ಕಕ್ಕೆ ಒಂದೊಂದೇ ಸಿಲಿಂಡರ್. ಅದರ ಪಿಸ್ಟನ್ ತೋಳೇ ಮಾಮೂಲಿ ಗಾಲಿಗಳನ್ನೂ ಹಲ್ಲುಗಾಲಿಯನ್ನೂ ಒಟ್ಟಿಗೆ ತಿರುಗಿಸುತ್ತಿತ್ತು. ಯಾರೂ ಪ್ರಶ್ನಿಸಿರಲಿಲ್ಲ. ಇಲ್ಲ, ಒಬ್ಬ ಪ್ರಶ್ನಿಸಿದ್ದ. ಬಹಳ ವರ್ಷಗಳ ಹಿಂದೆ, ರೈಲ್ವೆ ನೌಕರರ ಮಗನೊಬ್ಬ ಉತ್ತರಪತ್ರಿಕೆಯಲ್ಲಿ ನಾಲ್ಕು ಸಿಲಿಂಡರ್ ಬರೆದಿದ್ದ. ಕೆಂಪು ಗೆರೆ ಎಳೆದು ಐದರಲ್ಲಿ ಎರಡು ಅಂಕ ಕಳೆದಿದ್ದೆ. ಕೇಳಲು ಬಂದಾಗ, 'ಪಾಠ ಕೇಳಿಸಿಕೊಂಡು ಬರಿ' ಎಂದು ಕಳಿಸಿದ್ದೆ.

ರೈಲು ಹೊರಟಿತು. ಇಂಜಿನ್ ಬಾಲದಲ್ಲಿದ್ದುದರಿಂದ ಬೋಗಿಗಳೆಲ್ಲ ದಾಟಿದ ಮೇಲೆ ಅದು ಅವಳ ಮುಂದೆ ನಿಧಾನವಾಗಿ ಸಾಗಿತು. ಫೋನನ್ನು ಎದೆಗೆ ಒತ್ತಿ, ಅಡ್ಡವಾಗಿ ಹಿಡಿದು, ಕೈ ಅಲುಗಿಸದೆ ತೆಗೆದಿದ್ದಳು. ಅಂಥ ಕೈ ನನಗಿಲ್ಲ.

ಇತ್ತ ರೈಲಿನಲ್ಲಿದ್ದ ಒಬ್ಬ ಹುಡುಗ ಕಲ್ಲಾರ್ ದಾಟಿದ ಮೇಲಿನ ತಿರುವುಗಳಲ್ಲಿ, ಮುಂದಿನ ಬೋಗಿಯ ಕಿಟಕಿಯಿಂದ ಹಿಂದಿನ ಇಂಜಿನ್ನನ್ನು ಹಿಡಿದ. ಕಿಟಕಿಯ ಹೊರಗೆ ತಲೆ, ಕೈ ಹಾಕಬಾರದೆಂಬ ಷರತ್ತಿನ ಮೇಲೆಯೇ ನಾನು ಒಪ್ಪಿದ್ದು. ಪೋಷಕರೂ ಇದನ್ನು ಗಮನಿಸಬೇಕು. ಹಿಲ್‌ಗ್ರೋವ್‌ನಲ್ಲಿ ರೈಲು ನೀರಿಗೆ ನಿಂತಾಗ ಒಬ್ಬ ಪ್ರವಾಸಿ ತನ್ನ ಚಿಕ್ಕ ಮಗನನ್ನು ಹಳಿಗಳ ನಡುವೆ, ಎಣ್ಣೆ ಮೆತ್ತಿದ ಹಲ್ಲುಪಟ್ಟಿಯ ಮೇಲೆ ನಿಲ್ಲಿಸಿ ವಿಡಿಯೊ ತೆಗೆಯುತ್ತಿದ್ದ. ಬ್ರೇಕ್‌ಮನ್ ಗದರಿದಾಗ ಅಪ್ಪನಿಗೇ ಸಿಟ್ಟು ಬಂತು!

ಕೂನೂರಿನ ನಿಲ್ದಾಣದಲ್ಲಿ ಎಲ್ಲರೂ ಸೇರಿದೆವು. ಹುಡುಗಿ ಓಡಿ ಬಂದಳು.

'ಸರ್, ಇಂಜಿನ್ ಕೆಟ್ಟಿತ್ತಾ? ಕೆಳಗಿನ ತೋಳು ಓಡ್ತಾ ಇದೆ, ಮೇಲೊಂದು ತೋಳಿದೆ, ಅದು ಅಲ್ಲಾಡ್ತಾನೇ ಇಲ್ಲ.'

'ಅದು ಯಾವುದೋ ಉಪಯೋಗಕ್ಕಿಲ್ಲದ ಭಾಗ ಇರಬೇಕಮ್ಮ' ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಅಷ್ಟರಲ್ಲಿ ಹುಡುಗ ತನ್ನ ತುಣುಕು ತೋರಿಸಿದ. ತಿರುವಿನಲ್ಲಿ ಕಾಣುವ ಅದೇ ಇಂಜಿನ್ನಿನಲ್ಲಿ ಮೇಲಿನ ತೋಳೂ ಭರದಿಂದ ಓಡುತ್ತಿದೆ.

ಇಬ್ಬರೂ ನನ್ನ ಮುಖ ನೋಡಿದರು. ಉತ್ತರ ನನ್ನಲ್ಲಿರಲಿಲ್ಲ. ಮೂವರೂ ಇಂಜಿನ್ ಹತ್ತಿರವಿದ್ದ ಸಿಬ್ಬಂದಿಯೊಬ್ಬರನ್ನು ಕೇಳಿದೆವು. ಅವರು ಬಡಗರು. ಅವರ ಬಡಗ ನುಡಿ ಕನ್ನಡದ ನೆರೆಮನೆಯದು. ನಿಧಾನವಾಗಿ ಹೇಳಿದರೆ ನಮಗೆ ಅರ್ಥವಾಗುತ್ತದೆ. ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಹಿಡಿದು ವಿವರಿಸಿದರು. ಒಂದೊಂದು ಪಕ್ಕದಲ್ಲಿ ಎರಡೆರಡು, ಒಟ್ಟು ನಾಲ್ಕು ಸಿಲಿಂಡರ್. ಕೆಳಗಿನವು ಮಾಮೂಲಿ ಗಾಲಿಗಳಿಗೆ, ಮೇಲಿನವು ಹಲ್ಲುಗಾಲಿಗೆ. ಕಲ್ಲಾರ್‌ವರೆಗೆ ಹಲ್ಲುಪಟ್ಟಿಯೇ ಇಲ್ಲ, ಆದ್ದರಿಂದ ಮೇಲಿನವಕ್ಕೆ ಬಿಡುವು. ಕೆಳಗೆ ದುಡಿದ ಹಬೆ ನೇರವಾಗಿ ಹೊಗೆಕೊಳವೆಯಿಂದ ಹೊರಗೆ. ಏರು ಬಂದಾಗ ಅದನ್ನು ಹೊರಗೆ ಬಿಡದೆ ಮೇಲಿನ ಸಿಲಿಂಡರುಗಳಿಗೆ ಕಳಿಸುತ್ತಾರೆ. ಒತ್ತಡ ಕಡಿಮೆಯಾಗಿದ್ದರೂ ಅದು ಇನ್ನೂ ಹಿಗ್ಗಬಲ್ಲದು, ಹಿಗ್ಗುತ್ತ ಇನ್ನೊಂದು ಪಿಸ್ಟನ್ನನ್ನು ತಳ್ಳಬಲ್ಲದು. ಒಮ್ಮೆ ಕಾಯಿಸಿದ ಹಬೆಯಿಂದ ಎರಡು ಬಾರಿ ಕೆಲಸ.

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದ ಈ 'ಎಕ್ಸ್' ವರ್ಗದ ಇಂಜಿನ್‌ಗಳಲ್ಲಿ ಹನ್ನೆರಡು 1914ರಿಂದ 1925ರ ನಡುವಿನವು, ಐದು 1952ರವು. 2010ರ ದಶಕದಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ನಮ್ಮವರೇ ಎಣ್ಣೆ ಉರಿಸುವ ಹೊಸ ಇಂಜಿನ್‌ಗಳನ್ನು ಕಟ್ಟಿದರು. ಡೀಸೆಲ್ ಯುಗ ಕಳೆದು ವಿದ್ಯುತ್ ಯುಗ ಬಂದ ಮೇಲೂ ಹಬೆಯ ಇಂಜಿನ್ ಕಟ್ಟಬಲ್ಲ ಕೈಗಳು ನಮ್ಮಲ್ಲಿವೆ ಎಂಬುದು ನನಗಂತೂ ಸಂತೋಷದ ವಿಷಯ.

ಸೋಮವಾರ ತರಗತಿಯಲ್ಲಿ ಎರಡೂ ತುಣುಕು ಹಾಕಿದೆ. ಹಳೆಯ ಚಿತ್ರ ತಪ್ಪೆಂದು ಹೇಳಿದೆ. ಆ ಎರಡು ಅಂಕದ ಕಥೆಯನ್ನೂ ಹೇಳಿದೆ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಆ ಹುಡುಗ ಈಗ ನಲವತ್ತರ ಹತ್ತಿರದ ಗೃಹಸ್ಥನಾಗಿರಬೇಕು. ಎಲ್ಲಿದ್ದಾನೋ. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಅವನಿಗೆ ಐದಕ್ಕೆ ಐದು.

ಆಮೇಲೆ ಹೊಸ ಚಿತ್ರ ಬರೆದೆ. ನಾಲ್ಕು ಸಿಲಿಂಡರ್, ಹಲ್ಲುಗಾಲಿ, ಹಲ್ಲುಪಟ್ಟಿ. ಎರಡನೆಯ ಬೆಂಚಿನಿಂದ ಅದೇ ಹುಡುಗಿಯ ಕೈ ಮೇಲೆದ್ದಿತು.

'ಸರ್, ಎರಡು ಪಟ್ಟಿಯ ಹಲ್ಲುಗಳೂ ಎದುರುಬದುರು ಬಂದಿವೆ. ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರಬೇಕಲ್ವಾ? ಆಗ ತಾನೇ ಒಂದಾದರೂ ಹಲ್ಲು ಯಾವಾಗಲೂ ಕಚ್ಚಿಕೊಂಡಿರೋದು?'

ಡಸ್ಟರ್ ಎತ್ತಿಕೊಂಡೆ.